ಹಿಂದೆ ನಿಲ್ಲುವವಳು

ಗ್ರೀನಿನ ಮೇಲೆ ನಾನು ಬಾಯಿ ಬಿಡುವವಳಲ್ಲ. ಉಳಿದ ಕಡೆಯೆಲ್ಲ ಬಿಡುತ್ತೇನೆ. ಕ್ಯಾಡಿಗಳ ಶೆಡ್ಡಿನಲ್ಲಿ ನನ್ನ ದನಿ ಕೇಳಿದರೆ ಹೊಸ ಹುಡುಗಿಯರು ಮೊಬೈಲು ಒಳಗಿಡುತ್ತಾರೆ. ಪೆಚಬುರಿ ಪೇಟೆಯ ಮೀನಿನವಳು ನನ್ನನ್ನು ಕಂಡರೆ ತಕ್ಕಡಿಯ ಮೇಲಿನ ಬೆರಳು ತೆಗೆಯುತ್ತಾಳೆ. ಆದರೆ ನಮ್ಮ ಖಾವ್ ತಾನ್ ಗಾಲ್ಫ್ ಮೈದಾನದಲ್ಲಿ, ಆಟಗಾರ ಕುಳಿಯ ಹತ್ತಿರದ ಆ ನುಣುಪು ಹುಲ್ಲಿನ ಮೇಲೆ ಬಾಗಿ ನಿಂತಾಗ, ಸಂಗ್ವಿಯನ್ ಎಂಬ ಈ ಹೆಂಗಸು ಕೆಮ್ಮಿದ್ದನ್ನು ಕೂಡ ಯಾರೂ ಕೇಳಿದ್ದಿಲ್ಲ. ಒಂದೇ ಒಂದು ಸಲ ಕೇಳಿದರು. ಅದು ಸಮ್ಲಿಯ ಮಗಳು ಪುಯಿಯ ಸಲುವಾಗಿ.

ಪುಯಿಯ ಕತೆ ಹೇಳಬೇಕಾದರೆ ಅವಳಮ್ಮನ ಕತೆ ಮೊದಲು ಹೇಳಬೇಕು. ಅದೇ ಆ ಹುಡುಗಿಗೆ ಅಂಟಿದ್ದ ರೋಗ.

ಸಮ್ಲಿ ನನ್ನ ಕೈಕೆಳಗೆ ಕ್ಯಾಡಿಯಾಗಿ ಬಂದಾಗ ಇನ್ನೂ ಮದುವೆಯಾಗಿರಲಿಲ್ಲ. ನಮ್ಮಲ್ಲಿ ಕ್ಯಾಡಿ ಎಂದರೆ ಚೀಲ ಹೊರುವವಳಷ್ಟೇ ಅಲ್ಲ. ಗಿರಾಕಿ ಏದುಸಿರು ಬಿಡುತ್ತಾ ಗ್ರೀನ್ ಮುಟ್ಟುವಷ್ಟರಲ್ಲಿ ಅವನ ಚೆಂಡನ್ನು ಎತ್ತಿ, ಒರೆಸಿ, ಅದರ ಮೇಲಿನ ಕಪ್ಪು ಗೆರೆ ಎತ್ತ ನೋಡಬೇಕೋ ಅತ್ತ ತಿರುಗಿಸಿ ಇಟ್ಟಿರಬೇಕು. ಆಮೇಲೆ ಚೆಂಡಿನ ಹಿಂದೆ, ಗೆರೆಯ ನೇರಕ್ಕೆ ನಿಂತು, ಅವನು ಕಾಲೂರಿ ಕೋಲು ಹಿಡಿದಾಗ "ಇನ್ನೊಂಚೂರು ಎಡಕ್ಕೆ, ಸರಿ, ಹೊಡೀರಿ ಖುನ್" ಎಂದು ಮರ್ಯಾದೆಯಿಂದ ಹೇಳಬೇಕು. ಚೆಂಡು ಕುಳಿಗೆ ಬಿದ್ದರೆ ಅದು ಅವನ ಜಾಣತನ. ಬೀಳದಿದ್ದರೆ ಕ್ಯಾಡಿ ಕುರುಡಿ. ಈ ಕೆಲಸದಲ್ಲಿ ಸಮ್ಲಿಯನ್ನು ಮೀರಿಸಿದವರಿರಲಿಲ್ಲ. ಅವಳು ಹಿಂದೆ ಬಂದು ನಿಂತರೆ ಹೊಟ್ಟೆ ಮುಂದೆ ಮಾಡಿಕೊಂಡು ಬಂದ ಅಕ್ಕಿ ಗಿರಣಿಯ ಮಾಲೀಕರೂ ಕೈನಡುಕ ನಿಲ್ಲಿಸುತ್ತಿದ್ದರು. ಅವಳ ಅಗಲ ಟೋಪಿಯ ನೆರಳು ಅವರ ಕಾಲ ಬಳಿ ಬಿದ್ದರೆ ಸಾಕು, ಏನೋ ಒಂದು ಧೈರ್ಯ.

ಅವಳ ಗಂಡ ಪ್ರಚಾ ತಾಳೆಮರ ಹತ್ತುವವನು. ಮೈದಾನದ ಬೇಲಿಗುಂಟ ಇರುವ ಮರಗಳೆಲ್ಲ ಅವನವೇ. ರಸ ಇಳಿಸಿ ಬೆಲ್ಲ ಕಾಯಿಸುವುದು ಅವನ ಕಸುಬು. ಮಾತು ಕಮ್ಮಿ. ಮರದ ಮೇಲೆ ಯಾರ ಹತ್ತಿರ ಮಾತಾಡುತ್ತಾನೆ ಪಾಪ.

ಪುಯಿ ಶೆಡ್ಡಿನಲ್ಲೇ ಬೆಳೆದಳು. ಕ್ಯಾಡಿಗಳ ಮಕ್ಕಳು ಹುಲ್ಲಿನ ಮೇಲೆ ಕಾಲಿಡಬಾರದೆಂದು ಕಟ್ಟಪ್ಪಣೆ ಇತ್ತು. ಸೋಮವಾರ ಮಾತ್ರ ಮೈದಾನಕ್ಕೆ ರಜೆ. ಆ ದಿನ ಗ್ರೀನಿಗೆ ಮರಳು ಹಾಕುತ್ತಾರೆ, ಕೆಲಸದವರು ಆಡಿದರೆ ಯಾರೂ ಕೇಳುವುದಿಲ್ಲ. ಜಪಾನಿನ ಗಿರಾಕಿಯೊಬ್ಬ ಸಿಟ್ಟಿನಲ್ಲಿ ಕೆರೆಗೆಸೆದಿದ್ದ ಪಟರನ್ನು, ಗ್ರೀನಿನ ಮೇಲೆ ಚೆಂಡು ತಳ್ಳುವ ಆ ಕೋಲನ್ನು, ಪ್ರಚಾ ಈಜಿ ತಂದು, ಗರಗಸದಲ್ಲಿ ಅರ್ಧ ಕೊಯ್ದು ಮಗಳಿಗೆ ಕೊಟ್ಟ. ಹುಡುಗಿ ಸೋಮವಾರಕ್ಕಾಗಿ ವಾರವಿಡೀ ಕಾಯುತ್ತಿದ್ದಳು.

ಅವಳ ಉದ್ದ ಹೊಡೆತ ಯಾರೂ ಹೇಳಿಕೊಟ್ಟದ್ದಲ್ಲ. ಮೈಯೇ ಹಾಗಿತ್ತು. ಕೋಲು ಬೀಸಿದರೆ ಗಾಳಿ ಸೀಳುವ ಸದ್ದಿಗೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಆದರೆ ಗ್ರೀನಿಗೆ ಬಂದ ಕೂಡಲೇ ಸಮ್ಲಿ ಹಾಜರು. ಚೆಂಡು ಒರೆಸುವವಳು ಸಮ್ಲಿ, ಗೆರೆ ತಿರುಗಿಸುವವಳು ಸಮ್ಲಿ, ಹಿಂದೆ ನಿಂತು "ಸರಿ, ಹೊಡಿ ಮಗಳೇ" ಎನ್ನುವವಳೂ ಸಮ್ಲಿ. ಹುಡುಗಿ ಹೊಡೆಯುತ್ತಿದ್ದಳು, ಚೆಂಡು ಬೀಳುತ್ತಿತ್ತು. ಗಿರಣಿ ಮಾಲೀಕರಿಗೆ ಮಾಡಿದ ಚಾಕರಿಯನ್ನೇ ಮಗಳಿಗೂ ಮಾಡುತ್ತಿದ್ದಳು, ಅಷ್ಟೇ.

ಹನ್ನೊಂದನೇ ವಯಸ್ಸಿಗೆ ಹುವಾಹಿನ್‌ನಲ್ಲಿ ಶಾಲಾ ಮಕ್ಕಳ ಪಂದ್ಯ ಗೆದ್ದಳು. ಆಮೇಲೆ ರಾಚಬುರಿ, ಆಮೇಲೆ ಚೋನ್‌ಬುರಿ. ಬ್ಯಾಂಕಾಕಿನ ಹುಡುಗಿಯರು ತರಬೇತುದಾರರು, ಅಳತೆ ಯಂತ್ರಗಳು, ಹಣ್ಣಿನ ಡಬ್ಬಿಗಳನ್ನು ಹೊತ್ತು ಬರುತ್ತಿದ್ದರು. ನಮ್ಮವಳು ಬಾಳೆ ಎಲೆಯಲ್ಲಿ ಕಟ್ಟಿದ ಅಂಟಕ್ಕಿ ಅನ್ನ ಮತ್ತು ಅಮ್ಮನನ್ನು ಕಟ್ಟಿಕೊಂಡು ಹೋಗಿ ಬಹುಮಾನದ ಬಟ್ಟಲು ಗೆದ್ದು ಬರುತ್ತಿದ್ದಳು. ಮ್ಯಾನೇಜರ್ ಆ ಬಟ್ಟಲುಗಳನ್ನು ಕಚೇರಿಯ ಕಪಾಟಿನಲ್ಲಿಟ್ಟು, ಶಾಲೆ ಮುಗಿಯುವವರೆಗೆ ಪುಯಿ ಬಿಟ್ಟಿಯಾಗಿ ಅಭ್ಯಾಸ ಮಾಡಬಹುದು ಎಂದ. ಶಾಲೆ ಮುಗಿದ ಮೇಲೆ ಏನೆಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒಂದು ಸೋಮವಾರ ನನಗೆ ತಡೆಯಲಾಗಲಿಲ್ಲ.

"ಸಮ್ಲಿ, ಈ ಹುಡುಗಿ ಒಂದು ಸಲವಾದ್ರೂ ತಾನೇ ಗೆರೆ ನೋಡಿದ್ದುಂಟಾ?"

"ನಾನಿದೀನಲ್ಲ ಅಕ್ಕ."

"ನೀನಿದೀಯ, ಗೊತ್ತು. ನಾಳೆ ನಿಂಗೆ ಜ್ವರ ಬಂದ್ರೆ?"

"ಜ್ವರ ಬಂದ್ರೂ ನಿಲ್ತೀನಿ."

"ಸತ್ತೋದ್ರೆ?"

"ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ ನಿಮಗೆ?" ಎಂದು ಸಮ್ಲಿ ಚೀಲ ಎತ್ತಿಕೊಂಡು ಮುಂದೆ ಹೋದಳು. ಪುಯಿ ನನ್ನತ್ತ ತಿರುಗಿ ನಾಲಿಗೆ ಚಾಚಿದಳು. ಅಮ್ಮ ಮಗಳು ಒಂದೇ ಎಲೆಯಲ್ಲಿ ಉಣ್ಣುವವರು, ನಡುವೆ ನನಗೇನು ಕೆಲಸ ಎಂದು ಶೆಡ್ಡಿಗೆ ನಡೆದೆ.

ಪುಯಿಗೆ ಹದಿನೇಳಾದ ವರ್ಷ ಎರಡು ಸುದ್ದಿ ಒಟ್ಟಿಗೆ ಬಂದವು. ಮೊದಲನೆಯದು ಒಳ್ಳೆಯದು. ರಾಷ್ಟ್ರೀಯ ಹವ್ಯಾಸಿ ತಂಡಕ್ಕೆ ಹುಡುಗಿಯರನ್ನು ಆರಿಸುವ ಪಂದ್ಯ ನಮ್ಮ ಖಾವ್ ತಾನ್‌ನಲ್ಲೇ ನಡೆಯುತ್ತದೆ, ಪುಯಿಯ ಹೆಸರೂ ಇದೆ. ಎರಡನೆಯದು ಹೇಳಲು ಗಾಲ್ಫ್ ಸಂಘದಿಂದ ಒಬ್ಬ ತೆಳ್ಳನೆಯ ಹೆಂಗಸು ಬಂದು, ಬೇಸಿಗೆಯ ಬಿಸಿಲಿನಲ್ಲಿ ನಮ್ಮನ್ನೆಲ್ಲ ಶೆಡ್ಡಿನ ಮುಂದೆ ಕೂರಿಸಿದಳು.

"ಜನವರಿಯಿಂದ ಹೊಸ ನಿಯಮ ಬಂದಿದೆ," ಎಂದಳು. "ಆಟಗಾರ್ತಿ ಹೊಡೆಯೋಕೆ ಕಾಲೂರಿದ ಮೇಲೆ ಕ್ಯಾಡಿ ಚೆಂಡಿನ ಹಿಂದೆ, ಗೆರೆಯ ನೇರಕ್ಕೆ ನಿಲ್ಲೋ ಹಾಗಿಲ್ಲ. ನಿಂತಿದ್ದಾಗ ಹೊಡೆದ್ರೆ ಎರಡು ಹೊಡೆತ ದಂಡ."

ಶೆಡ್ಡಿಗೆ ಶೆಡ್ಡೇ ನಕ್ಕಿತು.

"ಮತ್ತೆ ನಾವೆಲ್ಲಿ ನಿಲ್ಲೋದು ಮೇಡಂ, ತಾಳೆಮರದ ಮೇಲಾ?" ಎಂದಳು ಒಬ್ಬಳು.

"ಅಲ್ಲಿ ಸಮ್ಲಿ ಗಂಡ ಇದಾನೆ, ಜಾಗ ಇಲ್ಲ ಕಣೇ," ಎಂದಳು ಇನ್ನೊಬ್ಬಳು.

ಆ ಹೆಂಗಸೂ ನಕ್ಕು, ಮತ್ತೆ ಮುಖ ಬಿಗಿದಳು. "ಮೊದಲು ನಿಂತು ನೋಡಿ, ಹೇಳಿಕೊಡಿ, ತಪ್ಪಿಲ್ಲ. ಅವರು ಕಾಲೂರೋಕೆ ಮುಂಚೆ ಪಕ್ಕಕ್ಕೆ ಹೋಗಬೇಕು. ಗ್ರೀನ್ ಮೇಲೆ ಒಂದು ವಿನಾಯಿತಿ ಇದೆ. ತಪ್ಪು ಗೊತ್ತಾದ ಕೂಡಲೇ ಆಟಗಾರ್ತಿ ಹಿಂದೆ ಸರಿದು, ಕ್ಯಾಡಿ ಆಚೆ ಹೋಗಿ, ಮತ್ತೆ ಮೊದಲಿಂದ ನಿಂತರೆ ದಂಡ ಇಲ್ಲ. ಹೊಡೆದ ಮೇಲೆ ಗೊತ್ತಾದ್ರೆ ಯಾರೂ ಏನೂ ಮಾಡೋಕಾಗಲ್ಲ."

ಎಲ್ಲರೂ ಎದ್ದು ಹೋದರು. ಸಮ್ಲಿ ಮಾತ್ರ ಕೂತೇ ಇದ್ದಳು. ನಮ್ಮ ದಿನದ ಗಿರಾಕಿಗಳಿಗೆ ಯಾವ ನಿಯಮವೂ ಇಲ್ಲ, ಅವರಿಗೆ ಹಿಂದೆ ನಿಲ್ಲಲೇಬೇಕು. ಮಗಳಿಗೆ ಮಾತ್ರ ನಿಲ್ಲಬಾರದು. ಬೆಳಿಗ್ಗೆ ಒಂದು ಕಾಲು, ಸಂಜೆ ಒಂದು ಕಾಲು ಎಲ್ಲಿಂದ ತರಬೇಕು?

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅಂಗಳದಲ್ಲಿ ಚಾಪೆ ಹಾಸಿ, ತುದಿಗೊಂದು ಡಬ್ಬಿ ಇಟ್ಟು, ಪುಯಿ ಚೆಂಡು ಹೊಡೆಯುವುದು. ಪ್ರಚಾ ಬೆಲ್ಲ ಕಾಯಿಸುವ ಬಾಣಲೆಯ ಪಕ್ಕ ಸೌಟು ಹಿಡಿದು ಕೂರುವುದು. ಸಮ್ಲಿ ನೇರಕ್ಕೆ ಬಂದು ನಿಂತಳೋ, ಸೌಟಿನಿಂದ ಬಾಣಲೆಗೆ ಢಣ್ ಎಂದು ಬಡಿಯುವುದು. ನಾನು ಒಂದು ಸಂಜೆ ಹೋದಾಗ ಬೀದಿಯ ತುದಿಗೇ ಆ ಸದ್ದು ಕೇಳಿಸುತ್ತಿತ್ತು. ಯಾವುದೋ ಮನೆಯಲ್ಲಿ ಪೂಜೆ ಇರಬೇಕೆಂದುಕೊಂಡೆ.

"ನಿನ್ ಹೆಂಡ್ತಿ ಇವತ್ತೆಷ್ಟು ಸಲ ಸಿಕ್ಕಿಬಿದ್ಲೋ?" ಎಂದು ಕೇಳಿದೆ.

"ಬಾಣಲೆ ತೂತಾಗುತ್ತೆ ಅಕ್ಕ," ಎಂದ ಪ್ರಚಾ. ಅವನು ಇಡೀ ತಿಂಗಳಲ್ಲಿ ನನ್ನ ಹತ್ತಿರ ಆಡಿದ ಮಾತು ಅದೊಂದೇ.

ನಗು ಬಂತು, ಆದರೆ ಒಳಗೆ ಅಂಜಿಕೆ. ಸಮ್ಲಿ ಪಕ್ಕಕ್ಕೆ ಹೋದಾಗಲೆಲ್ಲ ಹುಡುಗಿ ಡಬ್ಬಿಯ ಆಚೆ ಈಚೆ ಹೊಡೆಯುತ್ತಿದ್ದಳು. ಅಂಗಳದ ಚಾಪೆಯ ಮೇಲೆ, ಯಾರೂ ನೋಡದಾಗಲೇ ಹೀಗೆ.

"ಹಿಂದೆ ಖಾಲಿ ಇದ್ರೆ ಕಾಲು ನೆಲಕ್ಕೆ ಹತ್ತಲ್ಲ ದೊಡ್ಡಮ್ಮ," ಎಂದಳು ಪುಯಿ, ಕಣ್ಣು ಮೇಲೆತ್ತದೆ.

ಹೊರಟಾಗ ಸಮ್ಲಿ ಬೇಲಿಯ ತನಕ ಬಂದಳು. "ಈ ಸಲ ಆಗಲಿಲ್ಲ ಅಂದ್ರೆ ಅಕ್ಕ, ಮಳೆಗಾಲಕ್ಕೆ ಶಾಲೆ ಮುಗಿದ ಕೂಡಲೇ ಶೆಡ್ಡಿಗೆ ಸೇರಿಸಿಬಿಡು ಅಂತಾರೆ ಮ್ಯಾನೇಜರು. ಕ್ಯಾಡಿ ಟೋಪಿ ಕೂಡ ತೆಗೆದಿಟ್ಟಿದಾರಂತೆ."

"ಶೆಡ್ಡು ಅಂದ್ರೆ ನರಕವೇನೇ? ನಾನಿಲ್ವಾ?"

"ನೀವಿದೀರ, ನಾನಿದೀನಿ. ಸಾಕಲ್ವಾ ಅಕ್ಕ ಇಬ್ರು?" ಎಂದಳು.

ಮೂರು ದಿನದ ಪಂದ್ಯ. ತಂಡದ ಬೇರೆ ಜಾಗಗಳೆಲ್ಲ ಯಾರಿಗೆಂದು ಎರಡನೆಯ ದಿನಕ್ಕೇ ಹೆಚ್ಚುಕಡಿಮೆ ಗಟ್ಟಿಯಾಯಿತು. ಉಳಿದದ್ದು ಒಂದು ಜಾಗ. ಅದಕ್ಕೆ ಇಬ್ಬರು, ಪುಯಿ ಮತ್ತು ಬ್ಯಾಂಕಾಕಿನ ನಿದಾ. ಕೊನೆಯ ದಿನ ಇಬ್ಬರೂ ಒಂದೇ ಜೋಡಿ.

ನಿದಾಳ ಚೀಲ ನನ್ನ ಹೆಗಲ ಮೇಲಿತ್ತು. ಅವಳಪ್ಪ ಮೊದಲೇ ಬಂದು, ಇಲ್ಲಿನ ಹುಲ್ಲು ಚೆನ್ನಾಗಿ ಬಲ್ಲವರು ಬೇಕೆಂದು ನನ್ನನ್ನೇ ಕೇಳಿ ಗೊತ್ತು ಮಾಡಿಕೊಂಡಿದ್ದರು. ಚೀಲ ಹೆಗಲಿಗೇರಿದ ಮೇಲೆ ಅದರ ಒಡತಿಯೇ ನನ್ನ ಹುಡುಗಿ. ಎದುರಿಗೆ ಯಾರಿದ್ದರೂ ನನಗೆ ಬೇಕಿಲ್ಲ. ನಾನು ಹೀಗೇ ಬದುಕಿದವಳು, ಕಿರಿಯರಿಗೂ ಹೀಗೇ ಕಲಿಸಿದವಳು. ನಿದಾ ಒಳ್ಳೆಯ ಹುಡುಗಿ ಕೂಡ. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದಳು, ಭಯವಾದಾಗ ನಾಲಿಗೆಯಿಂದ ಅದನ್ನು ಸವರುತ್ತಿದ್ದಳು. ಅವಳಿಗೂ ಆ ಜಾಗ ಬೇಕಿತ್ತು. ಅವಳೇನು ಕದಿಯಲು ಬಂದವಳಲ್ಲ.

ಬೆಳಿಗ್ಗೆ ಮೊದಲ ಕುಳಿಯ ಹತ್ತಿರದ ದೇವರಗೂಡಿಗೆ ಸಮ್ಲಿ ಕೆಂಪು ಶರಬತ್ತಿನ ಸೀಸೆ ಇಟ್ಟು ಕೈಮುಗಿದಳು. ನಾನೂ ಮುಗಿದೆ. ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಮಳೆ ಬಾರದಿರಲಿ ಎಂದು ಬೇಡಿಕೊಂಡೆ.

ಆಟ ಶುರುವಾಯಿತು. ಪುಯಿಯ ಉದ್ದ ಹೊಡೆತಗಳು ಎಂದಿನಂತೆ ಸೊಗಸಾಗಿ ಹೋದವು. ತೊಂದರೆಯೆಲ್ಲ ಗ್ರೀನಿನ ಮೇಲೆ. ಸಮ್ಲಿ ಚೆಂಡು ಒರೆಸಿ ಇಡುತ್ತಾಳೆ, ಹಿಂದೆ ಕೂತು ನೋಡುತ್ತಾಳೆ, ಎದ್ದು ಪಕ್ಕಕ್ಕೆ ಓಡುತ್ತಾಳೆ. ಓಡುವುದೆಂದರೆ ಓಡುವುದೇ, ಹಿಂದೆ ನಾಯಿ ಬಿದ್ದವಳಂತೆ. ಅಮ್ಮ ಓಡುವುದನ್ನು ನೋಡಿ ಮಗಳ ಗಮನವೆಲ್ಲ ಅತ್ತ. ನಾಲ್ಕನೆಯ ಗ್ರೀನಿನಲ್ಲಿ ಕೈಯಳತೆಯ ಪಟ್, ಕುಳಿಗೆ ತಳ್ಳುವ ಸಣ್ಣ ಹೊಡೆತ, ತಪ್ಪಿಸಿದಳು. ಏಳನೆಯದರಲ್ಲಿ ಸಮ್ಲಿಯ ಕಾಲು ತಾನಾಗಿ ಮತ್ತೆ ನೇರಕ್ಕೆ ಬಂತು. ಪುಯಿ ನೋಡಿದಳು, ಹಿಂದೆ ಸರಿದು ನಿಂತಳು.

"ಅಮ್ಮಾ!"

"ಹೋದೆ, ಹೋದೆ."

"ಹಾಗೆ ಓಡ್ಬೇಡಮ್ಮ, ತಲೆ ಕೆಟ್ಟೋಗುತ್ತೆ!"

"ಓಡ್ದೆ ಹಾರ್ಲಾ ಮತ್ತೆ?"

ಜೊತೆಗೆ ನಡೆಯುತ್ತಿದ್ದ ಸಂಘದ ಆ ತೆಳ್ಳನೆಯ ಹೆಂಗಸು ಏನನ್ನೋ ನೆನಪಿಟ್ಟುಕೊಳ್ಳುವವಳಂತೆ ಸಮ್ಲಿಯ ಕಾಲುಗಳನ್ನೇ ನೋಡಿದಳು. ಅಲ್ಲಿಂದ ಮುಂದೆ ಅವಳ ಕಣ್ಣು ಬೇರೆಲ್ಲೂ ಹೋಗಲಿಲ್ಲ. ನಿದಾಳ ಅಪ್ಪನೂ ನೋಡುಗರನ್ನು ತಡೆಯಲು ಕಟ್ಟಿದ ಹಗ್ಗದಾಚೆಯಿಂದ ಅದನ್ನೇ ನೋಡುತ್ತಿದ್ದರು.

ಹನ್ನೆರಡನೆಯದರಲ್ಲಿ ಮತ್ತೊಂದು ಪಟ್ ತಪ್ಪಿತು. ಕಮ್ಮಿ ಹೊಡೆತದವಳೇ ಗೆಲ್ಲುವ ಆಟದಲ್ಲಿ ನಿದಾ ಒಂದು ಹೊಡೆತ ಮುಂದಾದಳು. ಹದಿನೈದರಲ್ಲಿ ಪುಯಿ ಕೆರೆಯ ಮೇಲಿಂದ ಚೆಂಡು ಹಾರಿಸಿ ಸರಿಸಮ ಮಾಡಿದಳು. ಆ ಹೊಡೆತಕ್ಕೆ ನಾನು ನಿದಾಳ ಚೀಲ ಹೊತ್ತುಕೊಂಡೇ ಒಳಗೊಳಗೆ ಭೇಷ್ ಎಂದೆ. ಬೇಲಿಯಾಚೆಯ ಮರದ ಮೇಲೆ ಪ್ರಚಾ ಕಾಣಿಸಿದ. ರಸ ಇಳಿಸುವ ಹೊತ್ತಲ್ಲ ಅದು, ಆದರೂ ಇದ್ದ.

ಕೊನೆಯ ಕುಳಿ, ಹದಿನೆಂಟನೆಯದಕ್ಕೆ ಬಂದಾಗ ಇಬ್ಬರೂ ಸಮ. ಪ್ರಚಾ ಆಗಲೇ ಇಲ್ಲಿನ ಬೇಲಿಯ ಮರ ಹತ್ತಿ ಕೂತಿದ್ದ. ನಿದಾ ಗ್ರೀನಿನ ಆ ತುದಿಯಿಂದ ಹೊಡೆದಳು, ಚೆಂಡು ಕುಳಿಯ ತುಟಿ ಸವರಿ ನಿಂತಿತು. ಅದನ್ನು ಒಳಗೆ ತಳ್ಳಿ ನಾಲ್ಕಕ್ಕೆ ಮುಗಿಸಿದಳು. ಪುಯಿಯ ಚೆಂಡು ಕುಳಿಯಿಂದ ಒಂದು ಮಂಚದಷ್ಟು ದೂರ. ಅದು ಬಿದ್ದರೆ ಮೂರಕ್ಕೆ ಮುಗಿದು ಜಾಗ ಅವಳದು. ತಪ್ಪಿದರೆ ಮತ್ತೊಂದು ಕುಳಿ ಆಡಬೇಕು. ಅವಳ ಮುಖ ನೋಡಿದರೆ ಇನ್ನೊಂದು ಕುಳಿ ಆಡುವ ತ್ರಾಣ ಉಳಿದಿರಲಿಲ್ಲ.

ಸಮ್ಲಿ ಚೆಂಡು ಒರೆಸಿದಳು. ಗೆರೆ ತಿರುಗಿಸಿ ಇಟ್ಟಳು. ಹಿಂದೆ ಕೂತಳು. ಹೊತ್ತು ಇಳಿಯುತ್ತಿತ್ತು, ಅವಳ ಟೋಪಿಯ ನೆರಳು ಚೆಂಡಿನ ಪಕ್ಕದವರೆಗೆ ಚಾಚಿತ್ತು. ಆ ಗ್ರೀನಿನಲ್ಲಿ ಕುಳಿಯ ಹತ್ತಿರ ಹುಲ್ಲು ಕಳ್ಳತನ ಮಾಡುತ್ತದೆ, ನೇರವಾಗಿ ಕಂಡರೂ ಕೊನೆಗೆ ಬಲಕ್ಕೆ ಎಳೆಯುತ್ತದೆ. ಸಮ್ಲಿ ಅದನ್ನೇ ದಿಟ್ಟಿಸುತ್ತಿದ್ದಳು. ದಿಟ್ಟಿಸುತ್ತಲೇ ಎದ್ದು ನಿಂತಳು. "ಕುಳಿಯ ಎಡ ಅಂಚು," ಎಂದಳು ಮೆಲ್ಲಗೆ. ಪುಯಿ ತಲೆಯಾಡಿಸಿದಳು. ಬಲಗಾಲು ಊರಿದಳು, ಎಡಗಾಲು ಊರಿದಳು.

ಬೆಳಗಿನಿಂದ ಬಿಲ್ಲಿನಂತೆ ಬಿಗಿದಿದ್ದ ಆ ಹುಡುಗಿಯ ಭುಜ ಸಡಿಲವಾಯಿತು. ಉಸಿರು ಇಳಿಯಿತು. ಸೋಮವಾರದ ಪುಯಿ ಕಂಡಳು. ನನಗೂ ಒಂದು ಕ್ಷಣ ನೆಮ್ಮದಿಯಾಯಿತು. ಇದ್ದಕ್ಕಿದ್ದಂತೆ ಇವಳಿಗೆ ಈ ನೆಮ್ಮದಿ ಎಲ್ಲಿಂದ ಬಂತು ಎಂದು ಆಮೇಲೆ ಹೊಳೆಯಿತು. ಅವಳ ಕಾಲ ಬಳಿ ಟೋಪಿಯ ನೆರಳು ಹಾಗೇ ಇತ್ತು.

ಸಮ್ಲಿ ಸರಿದಿರಲಿಲ್ಲ. ಚೆಂಡಿನ ಹಿಂದೆ, ಗೆರೆಯ ನೇರಕ್ಕೆ, ಕೈ ಮಡಿಚಿ ನಿಂತಿದ್ದಳು. ಮುಖದ ಮೇಲೆ ಶಾಂತಿ. ಇಬ್ಬರಿಗೂ ಗೊತ್ತಿಲ್ಲ. ದಿನವಿಡೀ ಹೆಣಗಿ ಸುಸ್ತಾದ ತಾಯಿ ಮಗಳು ಹಳೆಯ ಮನೆಗೆ ಹೋದಂತೆ ಹಳೆಯ ಜಾಗಕ್ಕೆ ಹೋಗಿ ನಿಂತುಬಿಟ್ಟಿದ್ದರು.

ಸಂಘದ ಹೆಂಗಸನ್ನು ನೋಡಿದೆ. ಅವಳು ನೋಡುತ್ತಿದ್ದಳು. ತುಟಿ ಬಿಗಿಹಿಡಿದಿದ್ದಳು. ಹೇಳುವುದು ಅವಳ ಕೆಲಸವಲ್ಲವೇನೋ, ಹೇಳಲಿಲ್ಲ. ಹಗ್ಗದಾಚೆ ನಿದಾಳ ಅಪ್ಪನ ಕೈ ಎದೆಯ ಹತ್ತಿರ ಮುಷ್ಟಿಯಾಗಿತ್ತು. ಅವರಿಗೂ ಕಂಡಿತ್ತು. ಪಕ್ಕದಲ್ಲಿ ನಿದಾ ನೆಲ ನೋಡುತ್ತಾ ನಾಲಿಗೆಯಿಂದ ಹಲ್ಲಿನ ತಂತಿ ಸವರುತ್ತಿದ್ದಳು. ಅವಳಿಗೆ ಮಾತ್ರ ಏನೂ ಕಂಡಿರಲಿಲ್ಲ.

ನಾನು ಸುಮ್ಮನಿದ್ದರೆ ಸಾಕಿತ್ತು. ಚೆಂಡು ಬಿದ್ದರೂ ಮೂರು ಐದಾಗುತ್ತದೆ, ಜಾಗ ನನ್ನ ಹೆಗಲ ಮೇಲಿನ ಚೀಲದ್ದು. ಸುಮ್ಮನಿರುವುದು ತಪ್ಪೂ ಅಲ್ಲ, ಅದೇ ನನ್ನ ಕಸುಬು. ಗ್ರೀನಿನ ಮೇಲೆ ಕ್ಯಾಡಿ ಕಲ್ಲಾಗಿರಬೇಕು ಎಂದು ಸಮ್ಲಿಗೂ ನಾನೇ ಕಲಿಸಿದ್ದು. ಪುಯಿಯ ಕೋಲು ಚೆಂಡಿನ ಹಿಂದೆ ನೆಲ ಮುಟ್ಟಿತು. ಕುಳಿಯತ್ತ ಒಂದು ಸಲ ನೋಡಿದಳು. ಅವಳು ಎರಡನೆಯ ಸಲ ನೋಡಿ ಹೊಡೆಯುವವಳು. ಎರಡನೆಯ ಸಲ ನೋಡಲು ತಲೆ ತಿರುಗಿಸತೊಡಗಿದಳು.

"ಸಮ್ಲೀ! ಕಾಲು!"

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಹಗ್ಗದಾಚೆಯ ಜನವೆಲ್ಲ ಬೆಚ್ಚಿದರು. ನಿದಾ ಬಾಯಿ ತೆರೆದು ನನ್ನನ್ನು ನೋಡಿದಳು. ಪುಯಿಯ ಕೋಲು ನಡುಗಿ ನಿಂತಿತು, ಚೆಂಡಿಗೆ ತಾಗಲಿಲ್ಲ. ಅವಳು ತಿರುಗಿ ನೋಡಿದಳು. ಅಮ್ಮ ಅಲ್ಲೇ ನಿಂತಿದ್ದಳು.

ಸಮ್ಲಿ ತನ್ನ ಕಾಲನ್ನು ತಾನೇ ನೋಡಿಕೊಂಡಳು. ಬೇರೆ ಯಾರದೋ ಕಾಲನ್ನು ನೋಡುವಂತೆ. ಆಮೇಲೆ ಹಾಗೇ ಮಂಡಿಯೂರಿ ಕೂತುಬಿಟ್ಟಳು. ಟೋಪಿ ಬಿತ್ತು.

ಪುಯಿ ಚೆಂಡಿನಿಂದ ದೂರ ಬಂದು ನಿಂತಳು. ಸಂಘದ ಹೆಂಗಸು ಹತ್ತಿರ ಬಂದು, "ಹಿಂದೆ ಸರಿದಿದೀಯ, ಹೊಡೆದಿಲ್ಲ. ದಂಡ ಇಲ್ಲ. ಮೊದಲಿಂದ ಶುರು ಮಾಡು," ಎಂದಳು. ಹಗ್ಗದಾಚೆಯಿಂದ ನಿದಾಳ ಅಪ್ಪ ಕೂಗಿದರು. "ನಮ್ಮ ಕ್ಯಾಡಿ ಅವರಿಗೆ ಕೂಗಿ ಹೇಳಬಹುದಾ? ಇದ್ಯಾವ ಸೀಮೆ ನಿಯಮ?" ನಿಯಮ ನೆನಪಿಸಿದರೆ ತಪ್ಪಿಲ್ಲ ಎಂದಳು ಆ ಹೆಂಗಸು, ಅವರತ್ತ ನೋಡದೆ.

"ಪುಯಿ, ಮಗಳೇ, ನನ್ನ..." ಎಂದು ಸಮ್ಲಿ ಅಳತೊಡಗಿದಳು.

"ಅಮ್ಮ, ಎದ್ದೇಳು."

"ನನ್ನ ಕಾಲು ಕತ್ತರಿಸಿ ಹಾಕಬೇಕು ಕಣೇ."

"ಆಮೇಲೆ ಕತ್ತರಿಸೋಣ. ಈಗ ಎದ್ದು ಆ ಮರದ ಹತ್ತಿರ ಹೋಗು. ನನ್ನ ಕಡೆ ಬೆನ್ನು ಮಾಡಿ ನಿಂತ್ಕೋ."

"ಬೆನ್ನು ಮಾಡಿದ್ರೆ ನಿಂಗೆ ಗೆರೆ..."

"ಹೋಗಮ್ಮ."

ಆ ಹುಡುಗಿ ಅಮ್ಮನಿಗೆ ಹೋಗು ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸಮ್ಲಿ ಟೋಪಿ ಎತ್ತಿಕೊಂಡಳು, ತಲೆಗಿಡಲಿಲ್ಲ. ಗ್ರೀನ್ ದಾಟಿ, ಪ್ರಚಾ ಕೂತಿದ್ದ ಮರದ ಬುಡಕ್ಕೆ ಹೋಗಿ, ನಮಗೆ ಬೆನ್ನು ಮಾಡಿ ನಿಂತಳು. ಅವಳ ಬೆನ್ನು ಅಷ್ಟು ಚಿಕ್ಕದೆಂದು ನಾನು ತಿಳಿದಿರಲಿಲ್ಲ.

ಪುಯಿ ಚೆಂಡಿನ ಹಿಂದೆ ತಾನೇ ಕೂತಳು. ಅಮ್ಮ ಇಟ್ಟಿದ್ದ ಗೆರೆಯನ್ನು ಬಹಳ ಹೊತ್ತು ನೋಡಿದಳು. ನೋಡಿ, ಚೆಂಡು ಎತ್ತಿ, ಇನ್ನೂ ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿ ಇಟ್ಟಳು. ಸಮ್ಲಿ ಇಟ್ಟ ಗೆರೆಯನ್ನು ಬದಲಿಸಿದವರನ್ನು ನಾನು ಕಂಡಿದ್ದಿಲ್ಲ. ಹುಡುಗಿ ಎದ್ದಳು. ಕಾಲೂರುವ ಮುಂಚೆ ಕತ್ತು ತಿರುಗಿಸಿ ಹಿಂದೆ ನೋಡಿದಳು. ಖಾಲಿ. ಕಾಲೂರಿದಳು. ಒಂದು ಸಲ ನೋಡಿದಳು, ಎರಡನೆಯ ಸಲ ನೋಡಿದಳು, ಹೊಡೆದಳು.

ಚೆಂಡು ಎಡ ಅಂಚಿಗಿಂತಲೂ ತುಸು ಆಚೆಗೆ ಹೊರಟಿತು. ಕೊನೆಗೆ ಹುಲ್ಲು ತನ್ನ ಬುದ್ಧಿ ತೋರಿಸಿತು, ಬಲಕ್ಕೆ ಎಳೆಯಿತು. ತುಟಿ ಹತ್ತಿ, ಅರ್ಧ ಸುತ್ತು ತಿರುಗಿ, ಬಿದ್ದಿತು.

ಮೊದಲು ಕೂಗಿದವನು ಮರದ ಮೇಲಿದ್ದ ಪ್ರಚಾ. ಏನೆಂದು ಕೂಗಿದನೋ, ಅದು ಮಾತಾಗಿರಲಿಲ್ಲ. ಆ ಸದ್ದಿಗೇ ಸಮ್ಲಿ ತಿರುಗಿದ್ದು.

ನಿದಾ ಕೈಗವಸು ತೆಗೆದು, ಪುಯಿಯ ಕೈ ಕುಲುಕಿ, ನನ್ನ ಹತ್ತಿರ ಬಂದಳು. ಕಣ್ಣು ತುಂಬಿತ್ತು. ನನ್ನ ಮುಖ ನೋಡದೆ ಕೈಮುಗಿದಳು. ಮುಗಿದು, ತನ್ನ ಚೀಲ ತಾನೇ ಎತ್ತಿಕೊಂಡು ಹೋದಳು. ಅದು ಕ್ಷಮಿಸಿದ್ದೋ, ಸಾಕು ನಿನ್ನ ಸಹವಾಸ ಎಂದದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ಹುಡುಗಿಗೆ ನಾನು ಅನ್ಯಾಯ ಮಾಡಲಿಲ್ಲ ಎಂದು ನಿಯಮ ಹೇಳುತ್ತದೆ. ಹೊಟ್ಟೆಯೊಳಗೆ ಮಾತ್ರ ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ಅವಳಪ್ಪ ಮ್ಯಾನೇಜರ ಹತ್ತಿರ ಹೋಗಿ ಕೂಗಾಡಿದರು. ಮ್ಯಾನೇಜರ್ ನನ್ನನ್ನು ಮಳೆಗಾಲದವರೆಗೆ ಕಳೆ ಕೀಳಲು ಹಾಕಿದ. ಕಿತ್ತೆ, ನನಗೇನು, ಬಾಯಿ ಬಿಡಲು ಅಲ್ಲಿ ಯಾರ ಅಡ್ಡಿಯೂ ಇರಲಿಲ್ಲ.

"ಯಾಕಕ್ಕ ಕೂಗಿದ್ರಿ?" ಎಂದು ಸಮ್ಲಿ ಒಂದು ದಿನ ಕಳೆಯ ಬುಟ್ಟಿಯ ಪಕ್ಕ ಕೂತು ಕೇಳಿದಳು.

"ಪ್ರಚಾ ಸೌಟು ತಂದಿರಲಿಲ್ಲ, ಅದಕ್ಕೆ," ಎಂದೆ.

ಅವಳು ನಗಲಿಲ್ಲ. ನನ್ನ ಮಣ್ಣು ಮೆತ್ತಿದ ಕೈ ಒಮ್ಮೆ ಹಿಡಿದು, ಪಕ್ಕದಲ್ಲೇ ಕೂತು ಕಳೆ ಕೀಳತೊಡಗಿದಳು.

ಪುಯಿ ತಂಡಕ್ಕೆ ಹೋದಳು. ಅಲ್ಲಿ ತರಬೇತುದಾರರಿದ್ದಾರೆ, ಅಮ್ಮಂದಿರಿಗೆ ಚೀಲ ಕೊಡುವುದಿಲ್ಲ. ಆ ವರ್ಷದ ಕೊನೆಗೆ ಮನಿಲಾದಲ್ಲಿ ಅವಳ ಮೊದಲ ಪಂದ್ಯ. ಮಧ್ಯಾಹ್ನ ಕ್ಯಾಡಿಗಳೆಲ್ಲ ಮೈದಾನದ ಅಡುಗೆಮನೆಯ ಟೀವಿ ಮುಂದೆ ಸೇರಿದೆವು. ಸರದಿ ಬಂದರೂ ಯಾರೂ ಏಳಲಿಲ್ಲ, ಗಿರಾಕಿಗಳು ಕಾದರು. ಪ್ರಚಾ ತಾಳೆರಸದ ಬಿಂದಿಗೆ ತಂದಿಟ್ಟು ಬಾಗಿಲಲ್ಲಿ ನಿಂತಿದ್ದ.

ಟೀವಿಯಲ್ಲಿ ನಮ್ಮ ಪುಯಿ ಗ್ರೀನಿಗೆ ಬಂದಳು. ಕ್ಯಾಮೆರಾ ಚೆಂಡಿನ ಹಿಂದಿನಿಂದ ತೋರಿಸುತ್ತಿತ್ತು, ಚೆಂಡು, ಗೆರೆ, ದೂರದಲ್ಲಿ ಕುಳಿ. ಸಮ್ಲಿ ಮೆಲ್ಲಗೆ ಎದ್ದಳು. ನಿದ್ದೆಯಲ್ಲಿ ನಡೆಯುವವಳಂತೆ ಹೋಗಿ ಟೀವಿಯ ಎದುರು, ಸರಿಯಾಗಿ ನಡುಮಧ್ಯ, ಕೈ ಮಡಿಚಿ ನಿಂತಳು.

"ಏ, ಪಕ್ಕಕ್ಕೆ ಸರಿಯೇ ಸಮ್ಲಿ!"

"ನಿನ್ನ ಬೆನ್ನು ನೋಡೋಕಾ ಬಂದಿರೋದು ನಾವು?"

"ಗಾಜಿನ ಹೆಂಗಸೇನೇ ನೀನು?"

ಬೈಗುಳ ಹಾರಿ ಬಂದವು. ಸಮ್ಲಿಗೆ ಕೇಳಿಸಲೇ ಇಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಟೀವಿಯೊಳಗೆ ಪುಯಿ, ಕಾಲೂರುವ ಮುಂಚೆ, ಕತ್ತು ತಿರುಗಿಸಿ ಹಿಂದೆ ನೋಡಿದಳು. ಆ ದಿನದಿಂದ ಅವಳಿಗೆ ಅದೇ ರೂಢಿ. ಪ್ರತಿ ಪಟ್‌ಗೆ ಮುಂಚೆ ಹಿಂದೆ ಖಾಲಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತಾಳೆ. ಕ್ಯಾಮೆರಾ ಇದ್ದದ್ದು ಅಲ್ಲೇ. ಸಮುದ್ರದಾಚೆಯಿಂದ ನೆಟ್ಟಗೆ ಅಮ್ಮನ ಮುಖವನ್ನೇ ನೋಡಿದಂತಿತ್ತು. ನೋಡಿ, ಕಾದಳು.

ಸಮ್ಲಿ ಬೇಗ ಬೇಗ ಪಕ್ಕಕ್ಕೆ ಸರಿದಳು. ಗೋಡೆಗೆ ಬೆನ್ನು ಕೊಟ್ಟು, ಉಸಿರು ಹಿಡಿದು ನಿಂತಳು. ಆಮೇಲೆ ಪುಯಿ ಕಾಲೂರಿದಳು.

ಈ ಸಲ ನಾನು ಕೂಗಬೇಕಾಗಲಿಲ್ಲ.